ಅಚ್ಚಿನೊಳಗಿನ ಐದು ಗುಳಿ

ಬೇಸಿನ್ನಿನ ಅಂಚಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇದೆ, ಅರ್ಧ ಕಿತ್ತದ್ದು, ಅರ್ಧ ಬಿಟ್ಟದ್ದು, ನೀಲಿ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಸಿಪ್ಪೆ — ದೇವರ ಮಗ ಮಾಡಿದ್ದನ್ನು ನಾವೂ ಮಾಡಿ ತೋರಿಸುತ್ತೇವೆ ಅಂತ ಹೊರಟವರಿಗೆ ಒಂದು ಚೀಟಿ ಕೀಳುವಷ್ಟು ವ್ಯವಧಾನವಿಲ್ಲ, ಬಿಸಿನೀರಲ್ಲಿ ಎರಡು ನಿಮಿಷ ನೆನೆಸಿ ಹೆಬ್ಬೆರಳಲ್ಲಿ ಉಜ್ಜಿದ್ದರೆ ಬಂದುಬಿಡುತ್ತಿತ್ತು, ಅವನು ಕೂತಲ್ಲೇ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದ, ಉಜ್ಜುತ್ತಲೇ ಇದ್ದಾನೆ, ಕೆಲಸ ಮಾಡಿದ ಕೈ ಸುಮ್ಮನಿರುವುದಿಲ್ಲ. ಮೂರು ಬೇಸಿನ್ನು, ಮೂರು ಟವೆಲ್ಲು, ಟವೆಲ್ಲಿನ ಮಡಿಕೆಯೂ ಸೊಟ್ಟ. ಗೋಡೆಯ ಮೇಲೆ ಮಗ್ಗಿಯ ಪಟ, ಹದಿಮೂರರ ಮಗ್ಗಿಯ ಮೇಲೆ ಯಾವುದೋ ಮಗು ಮೀಸೆ ಬರೆದಿದೆ, ವಾರವೆಲ್ಲ ಇಲ್ಲಿ ಟ್ಯೂಷನ್ನು, ಭಾನುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಮಾತ್ರ ದೇವರಿಗೆ ಬಾಡಿಗೆ. ಕೆಳಗೆ ಟೈರ್ ಅಂಗಡಿ. ಮೇಷ್ಟ್ರು ಕೃಪೆ ಅಂದಾಗಲೆಲ್ಲ ಕೆಳಗಿನಿಂದ ಗಾಳಿ ತುಂಬುವ ಯಂತ್ರ ಬುಸ್ ಅನ್ನುತ್ತದೆ, ಏಳು ವಾರದಿಂದ ಒಮ್ಮೆಯೂ ತಪ್ಪಿಲ್ಲ, ಯಾರಾದರೂ ನಗುತ್ತಾರಾ ಅಂತ ಅವನು ಪ್ರತಿಸಲ ತಿರುಗಿ ನೋಡಿದ್ದಾನೆ, ಯಾರೂ ನಗುವುದಿಲ್ಲ, ನಂಬಿಕೆ ಬಂದ ಕೂಡಲೇ ಮೊದಲು ಕೆಡುವುದು ಕಿವಿ ಇರಬೇಕು.

ಬಾಗಿಲಿಗೆ ಹಚ್ಚಿದ ಹಾಳೆಯಲ್ಲಿ ಬರೆದಿದೆ, ಕ್ರೈಸ್ತ ನಂಬಿಕೆಯ ಮೊದಲ ಪಾಠಗಳು, ಹುಡುಕುವವರಿಗಾಗಿ, ಎಂಟು ವಾರ, ಚಹಾ ಇದೆ. ಹುಡುಕುವವರಂತೆ. ಏನು ಕಳೆದುಕೊಂಡಿದ್ದೀರಿ ಅಂತ ಕೇಳಿದರೆ ಒಬ್ಬರಿಗೂ ಹೇಳಲು ಬಾರದು, ಕಳೆದದ್ದೇನೆಂದು ಗೊತ್ತಿಲ್ಲದೆ ಹುಡುಕುವುದು ಎಷ್ಟು ಆರಾಮದ ಕೆಲಸ, ಕೈಗೆ ಸಿಕ್ಕಿದ್ದನ್ನೆಲ್ಲ ಇದೇ ಇದೇ ಅನ್ನಬಹುದು. ಪಕ್ಕದ ಕುರ್ಚಿಯ ಔಷಧ ಅಂಗಡಿಯವನನ್ನೇ ತಗೊಳ್ಳಿ, ಧ್ಯಾನ ಮುಗಿಸಿದ್ದಾನೆ, ಮೌನ ಶಿಬಿರ ಮುಗಿಸಿದ್ದಾನೆ, ಉಸಿರಾಟ ಮುಗಿಸಿದ್ದಾನೆ, ಈಗ ಯೇಸುವಿನ ಎಂಟು ವಾರದ ಕೋರ್ಸು, ಮೊದಲ ದಿನವೇ ಅವನ ಕಿವಿಗೆ ಬಾಗಿ ಹೇಳಿದ್ದ, ಇದು ಸ್ವಲ್ಪ ನಿಧಾನಕ್ಕೆ ಹಿಡಿಯುತ್ತೆ ಸಾರ್, ಆದ್ರೆ ಹಿಡಿದ್ರೆ ಬಿಡಲ್ಲ, ಸೈಡ್ ಎಫೆಕ್ಟೂ ಇಲ್ಲ. ಇನ್ನು ಪಾಠ ಹೇಳುವ ಮೇಷ್ಟ್ರು — ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವರು, ಈ ಪೇಟೆಯ ಅರ್ಧ ಜನಕ್ಕೆ ರಿವರ್ಸು ಕಲಿಸಿ ಈಗ ಉಳಿದರ್ಧಕ್ಕೆ ದೇವರ ಕಡೆ ತಿರುಗುವುದು ಕಲಿಸುತ್ತಿದ್ದಾರೆ. ಮೊದಲನೇ ವಾರ ದೇವರು, ನೋಡ್ರಪ್ಪಾ, ಕಲಿಯೋರ ಕಾರಲ್ಲಿ ನನ್ನ ಕಡೆಗೂ ಒಂದು ಬ್ರೇಕ್ ಇರ್ತಿತ್ತು, ಸ್ಟೇರಿಂಗ್ ಮಾತ್ರ ನಿಮ್ಮ ಕೈಲೇ, ದೇವರೂ ಹಾಗೇ. ಎರಡನೇ ವಾರ ಯೇಸು, ಡ್ರೈವಿಂಗನ್ನ ಫೋನಲ್ಲಿ ಕಲಿಸೋಕಾಗುತ್ತಾ, ಆಗಲ್ಲ, ಬಂದು ಪಕ್ಕದ ಸೀಟಲ್ಲಿ ಕೂರಬೇಕು, ದೇವರು ಮನುಷ್ಯನಾಗಿ ಬಂದಿದ್ದು ಅದಕ್ಕೇ. ಮೂರನೇ ವಾರ ಪಾಪ, ಕೆಲವು ಗಾಡಿ ಒಂದು ಕಡೆಗೆ ಎಳೀತಾ ಇರುತ್ತೆ, ಕೈ ಬಿಟ್ರೆ ಸಾಕು ಚರಂಡಿ ಕಡೆ ಹೋಗುತ್ತೆ, ನಾವೆಲ್ಲಾ ಅಂಥ ಗಾಡಿಗಳೇ. ನಾಲ್ಕನೇ ವಾರ ಶಿಲುಬೆ, ಅಲ್ಲಿ ಮಾತ್ರ ಮೇಷ್ಟ್ರು ಕಾರಿನಿಂದ ಇಳಿದರು, ಹೋಲಿಕೆ ಸಿಗಲಿಲ್ಲವೋ ಏನೋ, ತಪ್ಪು ಮಾಡಿದ್ದು ಒಬ್ಬರು, ಪೆಟ್ಟು ತಿಂದಿದ್ದು ಇನ್ನೊಬ್ಬರು, ಅಷ್ಟೇ ಕಣ್ರಪ್ಪಾ, ಅಂದು ಕನ್ನಡಕ ತೆಗೆದು ಒರೆಸಿಕೊಂಡರು, ನಾಟಕ. ಐದನೇ ವಾರ ಬರಿದಾದ ಸಮಾಧಿ, ಸತ್ತವನು ಎದ್ದು ಬಂದನಂತೆ, ಔಷಧ ಅಂಗಡಿಯವನು ಹೊಸ ಮಾತ್ರೆಯ ಹೆಸರು ಕೇಳಿಸಿಕೊಂಡವನ ಹಾಗೆ ತಲೆದೂಗಿದ. ಆರನೇ ವಾರ ಕೃಪೆ, ಬುಸ್, ಪರೀಕ್ಷೆಯಲ್ಲಿ ಕಂಬಕ್ಕೆ ಗುದ್ದಿದವನಿಗೂ ಲೈಸೆನ್ಸ್ ಕೊಟ್ಟ ಹಾಗೆ — ಅಂಥವನ ಕೈಗೆ ಲೈಸೆನ್ಸ್ ಕೊಟ್ಟರೆ ರಸ್ತೆಯಲ್ಲಿ ನಡೆಯುವವರ ಗತಿ ಏನು, ಅದನ್ನು ಯಾರೂ ಕೇಳಲಿಲ್ಲ, ಅವನೂ ಕೇಳಲಿಲ್ಲ, ಕೇಳಬಹುದಿತ್ತು, ಚಹಾದ ಲೋಟ ಬಾಯಿಗಿಟ್ಟುಕೊಂಡ. ಏಳನೇ ವಾರ ಪ್ರಾರ್ಥನೆ. ಇವತ್ತು ಎಂಟನೆಯದು, ಕೊನೆಯದು, ಕಾಲು ತೊಳೆಯುವುದು.

ಅವನು ಹುಡುಕುವವನಲ್ಲ. ಗೆಲ್ಲಲು ಬಂದವನು. ಮಗಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕಂಡವರ ರಕ್ತ ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವವಳು, ಇಪ್ಪತ್ತನಾಲ್ಕು ವರ್ಷ, ಅವನದೇ ಹಣೆ, ಅವನದೇ ಮೂಗು, ಒಂದು ದಿನ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಸರಿಸಿದಷ್ಟು ಸಲೀಸಾಗಿ ಹೇಳಿದಳು, ಅಪ್ಪಾ, ನಾನು ದೀಕ್ಷಾಸ್ನಾನ ತಗೋಬೇಕು ಅಂತಿದೀನಿ. ಸ್ನಾನಾನಾ, ಗೀಸರ್ ಹಾಕಿದೀನಿ ಹೋಗು ಅಂದ. ಅವಳು ನಗಲಿಲ್ಲ. ಅಲ್ಲಿಂದ ಮೂರು ದಿನ ಮನೆಯಲ್ಲಿ ತಟ್ಟೆ ಲೋಟಗಳದ್ದೇ ಮಾತು, ನಾಲ್ಕನೇ ದಿನ ಒಪ್ಪಂದ, ಎಂಟು ಭಾನುವಾರ ನನ್ನ ಜೊತೆ ಬಂದು ಕೂತ್ಕೋ ಅಪ್ಪಾ, ಪೂರ್ತಿ ಕೇಳು, ಕೊನೇ ದಿನ ನನ್ನ ಮುಖ ನೋಡಿ, ಅಲ್ಲಿ ಕೇಳಿದ್ದರಲ್ಲಿ ನನಗೆ ತಾಗಿದ ಮಾತು ಒಂದೂ ಇಲ್ಲ ಅಂತ ಹೇಳಿಬಿಡು, ನಾನು ಬಿಟ್ಟುಬಿಡ್ತೀನಿ, ಆಣೆಗೂ ಬಿಟ್ಟುಬಿಡ್ತೀನಿ, ನೀನು ಸುಳ್ಳು ಹೇಳಲ್ಲ ಅಂತ ಗೊತ್ತು ನಂಗೆ. ಅವಳಮ್ಮ ಒಲೆಯ ಮುಂದಿನಿಂದಲೇ ಅಂದಳು, ನಿಮ್ಮಪ್ಪ ಎಂಟು ವಾರ ಬಾಯಿ ಮುಚ್ಕೊಂಡು ಕೂತ್ರೆ ಅದೇ ಪವಾಡ ಕಣೇ, ನಾನೂ ಬಂದು ಮುಳುಗ್ತೀನಿ. ಎಷ್ಟು ಅಗ್ಗಕ್ಕೆ ಸಿಕ್ಕಿತು ಗೆಲುವು ಅಂದುಕೊಂಡಿದ್ದ. ಎಂಟು ಮಧ್ಯಾಹ್ನ, ಎಂಟು ಲೋಟ ನೀರು ಚಹಾ. ಅವಳು ಆ ನೀರಿಗೆ ಇಳಿಯಬಾರದು, ಅಷ್ಟೇ ಅವನಿಗೆ ಬೇಕಾದದ್ದು, ಮೇಷ್ಟ್ರೇ ಹೇಳಲಿಲ್ಲವೇ, ಹಳೆಯ ಮನುಷ್ಯ ಮುಳುಗಿ ಹೊಸ ಮನುಷ್ಯ ಏಳ್ತಾನೆ ಅಂತ, ಆ ಹಳೆಯದರಲ್ಲಿ ಅವನೂ ಇದ್ದಾನಲ್ಲ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಕರೆದೊಯ್ದದ್ದು, ಒಣಗಿದ ಅಚ್ಚುಗಳನ್ನು ಸಾಲಾಗಿ ಇಟ್ಟು ಇದು ಅಜ್ಜಿ ಕಾಲು, ಇದು ಪೊಲೀಸ್ ಕಾಲು ಅಂತ ಆಡಿಸಿದ್ದು, ಅದೆಲ್ಲ ಮುಳುಗಿಸಿ ಯಾರದೋ ಮಗಳಾಗಿ ಎದ್ದು ಬರುತ್ತಾಳೆ, ಒದ್ದೆ ತಲೆ ಒರೆಸಿಕೊಳ್ಳುತ್ತ. ಇನ್ನು ಅರ್ಧ ಗಂಟೆ. ಆಮೇಲೆ ಮೆಟ್ಟಿಲಿಳಿಯುವಾಗ ನಿಂತು, ಅವಳ ಮುಖ ನೋಡಿ, ಒಂದೂ ಇಲ್ಲ ಅನ್ನಬೇಕು. ಎರಡು ಪದ. ಬೆಳಿಗ್ಗೆ ಗಡ್ಡ ಬೋಳಿಸುವಾಗ ಕನ್ನಡಿಯ ಮುಂದೆ ಹೇಳಿ ನೋಡಿದ್ದ, ಎರಡನೇ ಸಲ ಬ್ಲೇಡು ತಾಗಿತು.

ಅವನ ಕಸುಬು ಕಾಲು. ಎಲ್ಲರ ಹಾಗೆ ಹುಟ್ಟದ ಕಾಲು, ಮುರಿದು ಕೂಡಿದ ಕಾಲು, ಗಿಡ್ಡ ಉದ್ದ ಕಾಲು, ಸಕ್ಕರೆ ಕಾಯಿಲೆಯವರ ಹುಣ್ಣಿನ ಕಾಲು — ಅಚ್ಚು ತೆಗೆದು, ಅಳತೆ ಹಿಡಿದು, ಆ ಒಂದೇ ಕಾಲಿಗಾಗುವ ಬೂಟು ಮಾಡಿಕೊಡುವವನು, ಮೂವತ್ತೊಂದು ವರ್ಷ. ಆದ್ದರಿಂದ ಅವನಿಗೆ ಜನರ ಮುಖ ಬೇಕಾಗಿಲ್ಲ. ಮೆಟ್ಟಿಲ ತುದಿಯಲ್ಲಿ ಬಿಟ್ಟ ಚಪ್ಪಲಿಗಳ ಸಾಲು ನೋಡಿದರೆ ಸಾಕು, ಹುಡುಕುವವರೆಲ್ಲ ಅಲ್ಲೇ ಬಿದ್ದಿದ್ದಾರೆ: ಔಷಧ ಅಂಗಡಿಯವನದು ಹೊರ ಅಂಚು ಸವೆದದ್ದು, ನಿಂತಲ್ಲಿ ನಿಲ್ಲದವನು, ಮೇಷ್ಟ್ರದು ಬಲ ಹಿಮ್ಮಡಿ ಮಾತ್ರ ತೆಳ್ಳಗೆ, ಮೂವತ್ತು ವರ್ಷ ಬ್ರೇಕಿನ ಮೇಲೆ ಕಾಲಿಟ್ಟು ಹೆದರಿ ಕೂತವರು, ಇವರು ಧೈರ್ಯದ ಪಾಠ ಹೇಳುತ್ತಾರೆ. ಮೊದಲನೇ ವಾರ ನಿಮ್ಮ ಪರಿಚಯ ಹೇಳಿ ಅಂದಾಗ ಅವನು ಅಂಗಡಿ ಇದೆ ಅಂದ, ಅಷ್ಟೇ, ಏನಂಗಡಿ ಅಂತ ಹೇಳಲಿಲ್ಲ, ಮಗಳು ಬಾಯಿ ತೆರೆಯುವ ಮುಂಚೆ ಮುಂದಿನವರ ಸರದಿ ಬಂತು, ಯಾಕೆ ಹೇಳಲಿಲ್ಲ, ಸುಮ್ಮನೆ, ಹೇಳಿದರೆ ಎಲ್ಲರೂ ಕಾಲು ಮುಂದೆ ಚಾಚುತ್ತಾರೆ, ಸಾರ್ ನನಗಿಲ್ಲಿ ಆಣಿ ಆಗಿದೆ ನೋಡಿ ಅಂತ. ಸುಮ್ಮನೆ ಅಲ್ಲ. ಅವನು ಅಂಗಡಿ ಅನ್ನುವಷ್ಟರಲ್ಲಿ ಬಾಗಿಲಿನಿಂದ ಚಹಾದ ಟ್ರೇ ಒಳಗೆ ಬಂದಿತ್ತು, ಟ್ರೇ ಹಿಡಿದ ಹುಡುಗಿ, ಮಗಳ ಗೆಳತಿ, ಮಗಳನ್ನು ಇಲ್ಲಿಗೆ ಎಳೆದು ತಂದವಳೇ ಅವಳು, ಸೊಂಟದ ನೋವಿನ ಪರೀಕ್ಷೆಗೆ ಅಂತ ಆಸ್ಪತ್ರೆಗೆ ಬಂದು ರಕ್ತ ಕೊಟ್ಟು ಮಗಳನ್ನು ತಗೊಂಡು ಹೋದವಳು. ನಡಿಗೆ ಬಂತು ಮೊದಲು, ಆಮೇಲೆ ಹುಡುಗಿ. ಎಡಗಾಲು ಅರ್ಧ ಅಂಗುಲ ಗಿಡ್ಡ, ಆದರೆ ಗಿಡ್ಡ ಕಾಲಿನವರು ನಡೆಯುವ ಹಾಗಲ್ಲ, ಯಾರೋ ಒಮ್ಮೆ ಅದನ್ನು ಸರಿಮಾಡಲು ಹೋಗಿ ಕೆಡಿಸಿದ ಹಾಗೆ, ಸೊಂಟ ಬಲಕ್ಕೆ ಏರಿ ಅಲ್ಲೇ ಗಟ್ಟಿಯಾಗಿ, ಲೋಟದ ಚಹಾ ಮಾತ್ರ ಒಂದು ಹನಿ ಚೆಲ್ಲದೆ. ತಗೊಳ್ಳಿ ಅಂಕಲ್. ಅವನು ತಗೊಂಡ. ಎಂಥ ಚಹಾ, ಪಾತ್ರೆ ತೊಳೆದ ನೀರು. ಅವಳೇ ಇರಬಹುದು, ಇಲ್ಲದಿರಬಹುದು, ಗಿಡ್ಡ ಕಾಲಿನ ಹುಡುಗಿಯರು ಲೋಕದಲ್ಲಿ ಎಷ್ಟಿಲ್ಲ, ಅಂದುಕೊಂಡ, ಎರಡನೇ ವಾರವೂ ಅಂದುಕೊಂಡ.

ಮೂರನೇ ವಾರ ಅವಳೇ ಬಾಯಿ ಬಿಟ್ಟಳು. ಮೇಷ್ಟ್ರು ಎಳೆಯುವ ಗಾಡಿಯ ಕಥೆ ಮುಗಿಸಿ, ಪಾಪ ಅಂದ್ರೆ ಕೊಲೆ ಸುಲಿಗೆ ಅಂದ್ಕೋಬೇಡಿ, ಚಿಕ್ಕದರಿಂದ ಶುರುವಾಗೋದು, ಯಾರಿಗಾದ್ರೂ ತಾವು ಮಾಡಿದ ಮೊದಲನೇ ತಪ್ಪು ನೆನಪಿದ್ರೆ ಹೇಳಿ ಅಂದರು, ಔಷಧ ಅಂಗಡಿಯವನು ಪಕ್ಕದ ಮನೆಯ ಪೇರಲೆ ಕದ್ದದ್ದು ಹೇಳಿದ, ದೊಡ್ಡ ಪಾಪಿ, ಆಮೇಲೆ ಇವಳು, ಟ್ರೇ ಎದೆಗೆ ಅವಚಿಕೊಂಡು, ನಗುತ್ತಲೇ, ನಂದು ಹಠ ಮೇಷ್ಟ್ರೇ ಅಂದಳು. ಆಗ ನಂಗೆ ಒಂಬತ್ತು ವರ್ಷ, ಒಂದು ಕಾಲು ಸ್ವಲ್ಪ ಗಿಡ್ಡ ಅಲ್ವಾ, ಅಮ್ಮ ದೊಡ್ಡ ಅಂಗಡೀಲಿ ಅಳತೆ ಕೊಟ್ಟು ಬೂಟು ಮಾಡಿಸಿದ್ರು, ನಾನು ಅದನ್ನ ಹಾಕ್ಕೊಂಡು ನೆಟ್ಟಗೆ ನಡೀಲೇ ಇಲ್ಲ, ನೋವು ನೋವು ಅಂತ ಒಂದೇ ರಚ್ಚೆ, ಅಮ್ಮ ವಾಪಸ್ ಅಂಗಡಿಗೆ ಕರ್ಕೊಂಡು ಹೋದ್ರೆ ಅವರು ನೋಡಿ, ಬೂಟು ಸರಿಯಾಗೇ ಇದೆ, ಮಗೂಗೆ ಹಠ ಅಂದ್ರು, ಅಮ್ಮ ಅಲ್ಲೇ ಕೊಟ್ರು ಎರಡು, ಆಮೇಲೆ ಎರಡು ವರ್ಷ ಹಾಕ್ಕೊಂಡೆ, ಬೂಟು ಚಿಕ್ಕದಾಗೋವರೆಗೂ, ಆದ್ರೆ ಒಳಗೊಳಗೇ ಹಠ ಬಿಟ್ಟಿರಲಿಲ್ಲ ಅನ್ಸುತ್ತೆ, ಬೇಕಂತಲೇ ಸೊಟ್ಟ ನಡೀತಿದ್ದೆ ಅನ್ಸುತ್ತೆ, ಈಗ ಸೊಂಟ ಹೀಗಾಗಿದ್ದು ಅದಕ್ಕೇ, ಅಮ್ಮ ಸಾಯೋ ತನಕ ಹೇಳ್ತಿದ್ರು, ಅವತ್ತು ನೀನು ಮಾತು ಕೇಳಿದ್ದಿದ್ರೆ ಅಂತ, ದೇವರ ಹತ್ರ ಕ್ಷಮೆ ಕೇಳಿದೀನಿ, ಅಮ್ಮನ ಹತ್ರ ಕೇಳೋಕೆ ಆಗ್ಲಿಲ್ಲ ನೋಡಿ. ಮೇಷ್ಟ್ರು ದೇವರಿಗೆ ಸ್ತೋತ್ರ ಅಂದರು, ಔಷಧ ಅಂಗಡಿಯವನು ಚಪ್ಪಾಳೆ ತಟ್ಟಲು ಹೋಗಿ ಅರ್ಧಕ್ಕೆ ನಿಲ್ಲಿಸಿದ. ಆಹಾ, ಎಂಥ ಧರ್ಮ, ಒಂಬತ್ತು ವರ್ಷದ ಮಗುವಿನ ನೋವಿಗೆ ಪಾಪ ಅಂತ ಹೆಸರಿಟ್ಟು ಅದರ ಕೈಯಿಂದಲೇ ಕ್ಷಮೆ ಕೇಳಿಸಿ ಸ್ತೋತ್ರ ಅನ್ನುವ ಧರ್ಮ, ಅವನ ಮೈ ಉರಿದುಹೋಯಿತು, ಮನೆಗೆ ಹೋಗುವ ದಾರಿಯಲ್ಲೇ ಮಗಳ ಮೇಲೆ ಹಾರಿದ, ಇದೇನಾ ನಿಮ್ಮ ದೇವರು, ಮಗು ನೋವು ಅಂದ್ರೆ ಹಠ ಅನ್ನೋನು. ಮಗಳು ನಡೆಯುತ್ತಲೇ ಅಂದಳು, ದೇವರು ಎಲ್ಲಿ ಅಂದ ಅಪ್ಪಾ, ಅಂದಿದ್ದು ಆ ಅಂಗಡಿಯವನು. ಆಮೇಲೆ ಸ್ವಲ್ಪ ದೂರ ಹೋಗಿ, ನಿಂದೇನೂ ತಪ್ಪಿಲ್ಲ ಕಣೇ ಅಂತ ನಾನೂ ಎಷ್ಟೋ ಸಲ ಹೇಳಿದೀನಿ, ಅವಳು ನಂಬಲ್ಲ, ನಿಂಗೇನು ಗೊತ್ತು, ಗೊತ್ತಿರೋರು ಹೇಳ್ಬೇಕು ಅಂತಾಳೆ.

ಗೊತ್ತಿರೋರು. ಗೊತ್ತಿರುವವನು ಆ ರಾತ್ರಿ ಎರಡು ಚಪಾತಿ ಜಾಸ್ತಿ ತಿಂದ. ಗೊತ್ತಿರುವವನಿಗೆ ಇಷ್ಟೇ ಗೊತ್ತು: ಕಾಲಿಗೆ ವ್ಯಾಸಲಿನ್ ಸವರಿ, ಪ್ಲಾಸ್ಟರ್ ಪಟ್ಟಿ ನೆನೆಸಿ ಸುತ್ತಿ, ಬಿಗಿಯುವಾಗ ಅಂಗೈ ಹಿಮ್ಮಡಿಯ ಕೆಳಗೆ, ಬಿಸಿಯಾಗುತ್ತೆ ಪುಟ್ಟಿ, ಹೆದರಬೇಡ, ಈಗ ತಣ್ಣಗಾಗುತ್ತೆ, ಆಮೇಲೆ ಮುಂದುಗಡೆ ಸೀಳಿ ಕಾಲು ಹೊರಗೆ ತೆಗೆದರೆ ಉಳಿಯುವುದು ಪೊಳ್ಳು ಅಚ್ಚು, ಒಳಗೆ ಕಾಲಿಲ್ಲದ ಕಾಲು. ಎರಡೂ ಅಚ್ಚನ್ನು ಹಲಗೆಯ ಮೇಲೆ ಒಣಗಲು ಇಟ್ಟಿದ್ದ, ಅಂಗಾಲು ಮೇಲೆ ಮಾಡಿ. ಅಂಗಾಲು ಮೇಲೆ ಮಾಡಿದ ಅಚ್ಚಿನಲ್ಲಿ ಎಡಗಾಲು ಬಲಗಾಲಿನ ಹಾಗೆ ಕಾಣುತ್ತದೆ, ಬಲಗಾಲು ಎಡಗಾಲಿನ ಹಾಗೆ, ಇದು ಕಸುಬಿನ ಮೊದಲ ವಾರದ ಪಾಠ, ಗೆರೆ ಹಾಕುವ ಮುಂಚೆ ಮಗುಚಿ ಒಳಗೆ ನೋಡು, ಬೆರಳಿನ ಗುಳಿ ನೋಡು. ಅವತ್ತು ಮಗುಚಲಿಲ್ಲ. ಹಸಿವಾಗಿತ್ತು, ಮನೆಯಿಂದ ಊಟ ಬಂದಿತ್ತು, ಡಾಕ್ಟರ ಚೀಟಿಯಲ್ಲಿ ಗಿಡ್ಡ ಎಡಗಾಲಿಗೆ ಎತ್ತರ ಅಂತ ಇತ್ತು, ಎಡದ ಹಾಗೆ ಕಂಡದ್ದರ ಮೇಲೆ ನೀಲಿ ಪೆನ್ಸಿಲಿನಲ್ಲಿ ಎತ್ತರದ ಗೆರೆ ಎಳೆದು ಕೈ ತೊಳೆಯಲು ಹೋದ. ಎತ್ತರ ಬೂಟಿನ ಒಳಗೆ, ಹಿಮ್ಮಡಿಯಡಿ, ಹೊರಗೆ ಏನೂ ಕಾಣದ ಹಾಗೆ, ಅದೇ ಅವನ ಕೈಚಳಕ, ನೋಡಿದವರಿಗೆ ಮಾಮೂಲಿ ಬೂಟು. ಉದ್ದ ಕಾಲಿಗೆ ಇನ್ನೂ ಅರ್ಧ ಅಂಗುಲ. ಹದಿನೈದು ದಿನಕ್ಕೆ ತಾಯಿ ಮಗು ವಾಪಸ್ ಬಂದರು, ಅವತ್ತು ಅಂಗಡಿಯಲ್ಲಿ ಮೂಳೆ ಡಾಕ್ಟರು ಕೂತಿದ್ದರು, ತಿಂಗಳಿಗೆ ಇಪ್ಪತ್ತು ಕಾಲು ಕಳಿಸುವವರು, ಆಗಷ್ಟೇ ಹೇಳಿದ್ದರು, ನಿಮ್ಮ ಕೈಯಲ್ಲಿ ಅಳತೆ ತಪ್ಪಲ್ಲ ಬಿಡ್ರೀ. ತಾಯಿ, ಮಗು ಅಳ್ತಾಳೆ ಸ್ವಾಮಿ, ಒಂದ್ಸಲ ನೋಡಿ ಅಂದಳು. ಅವನು ಮೇಲಿನ ಹಲಗೆಯಿಂದ ನೀಲಿ ಗೆರೆಯ ಅಚ್ಚನ್ನು ಇಳಿಸಿದ, ಧೂಳು ಊದಿದ, ಮಗುಚಿದ, ಒಳಗೆ ಇಣುಕಿದ. ಐದು ಚಿಕ್ಕ ಗುಳಿ. ದೊಡ್ಡದು ಎಡಗಡೆಗೆ — ಎಂದರೆ ಬಲಗಾಲು. ಒಂದು ಕ್ಷಣ, ಅಷ್ಟೇ, ಪ್ಲಾಸ್ಟರಿನ ಬಿಳಿಯೊಳಗೆ ಬಟಾಣಿ ಒತ್ತಿದ ಹಾಗೆ ಐದು ಗುಳಿ, ಡಾಕ್ಟರು ಕತ್ತು ಚಾಚಿ ಏನಂತೆ ಅಂದರು, ಅವನ ಬಾಯಿ ಅಂದಿತು, ಬೂಟು ಸರಿಯಾಗೇ ಇದೆ, ಮಗೂಗೆ ಹಠ. ತಾಯಿಯ ಕೈ ಎದ್ದಿತು. ಒಂದು ಗಂಟೆಯ ಕೆಲಸ, ಒಳಗಿನ ಪದರ ಕಿತ್ತು ಇನ್ನೊಂದಕ್ಕೆ ಹಾಕುವುದು, ನಾಳೆ ಹೇಳಿ ಕಳಿಸೋಣ, ನಾಡಿದ್ದು ಹೇಳಿ ಕಳಿಸೋಣ, ರಿಜಿಸ್ಟರಿನಲ್ಲಿ ವಿಳಾಸ ಇತ್ತು, ಇದೆ. ಮಗು ಅವನ ಮುಖ ನೋಡಲೇ ಇಲ್ಲ, ಕೆನ್ನೆ ಹಿಡಿದುಕೊಂಡು ಅಚ್ಚನ್ನೇ ನೋಡುತ್ತಿತ್ತು, ಆಗ ಅವನಿಗೆ ದಪ್ಪ ಮೀಸೆ, ತಲೆ ತುಂಬ ಕೂದಲು, ಈಗ ಎರಡೂ ಇಲ್ಲ, ಹದಿನಾರು ವರ್ಷ. ತಪ್ಪು ಮಾಡಿದ್ದು ಒಬ್ಬರು, ಪೆಟ್ಟು ತಿಂದಿದ್ದು — ಥೂ, ಆ ಡ್ರೈವಿಂಗ್ ಮೇಷ್ಟ್ರ ಮಾತು ಇಲ್ಲಿಗೂ ಬಂದು ಕೂರುತ್ತದೆ.

ಅವತ್ತು ರಾತ್ರಿ ಊಟ ಆಯ್ತು, ಮೇಷ್ಟ್ರು ಶುರು ಮಾಡಿದ್ದಾರೆ, ನಾಳೆ ತನ್ನನ್ನ ಕೊಲ್ತಾರೆ ಅಂತ ಯೇಸುವಿಗೆ ಗೊತ್ತು, ಅಂಥ ಹೊತ್ತಲ್ಲಿ ಬೇರೆ ಯಾರಾದ್ರೂ ಆಗಿದ್ರೆ ಏನ್ ಮಾಡ್ತಿದ್ರು, ಆತ ಎದ್ದು ಸೊಂಟಕ್ಕೆ ಟವೆಲ್ ಕಟ್ಕೊಂಡ, ಕೂತು ಹನ್ನೆರಡು ಜನ ಶಿಷ್ಯರ ಕಾಲು ತೊಳೆದ. ದೇವರು ಎಲ್ಲಿರ್ತಾನೆ ಅಂದ್ರೆ ಮೇಲೆ ಅಲ್ಲ ಕಣ್ರಪ್ಪಾ, ಕಾಲ ಹತ್ರ. ಒಬ್ಬ ಬೇಡ ಬೇಡ ಅಂದ, ಬಿಡಲಿಲ್ಲ. ಇನ್ನೊಬ್ಬ ಇದ್ದ, ಅದೇ ರಾತ್ರಿ ಆತನನ್ನ ಹಿಡಿದುಕೊಡೋನು, ಅದೂ ಆತನಿಗೆ ಗೊತ್ತಿತ್ತು, ಅವನ ಕಾಲನ್ನೂ ತೊಳೆದ, ಅವನಿಗೆ ನೀರು ಕಡಿಮೆ ಹಾಕಲಿಲ್ಲ. ಇತ್ತ ತನ್ನ ಕುರ್ಚಿಯಲ್ಲಿ ಅವನು ಮೂಗು ಮುರಿದ, ಹನ್ನೆರಡು ಜನ ಅಂದರೆ ಇಪ್ಪತ್ನಾಲ್ಕು ಕಾಲು, ಎಲ್ಲ ಒಂದೇ ನೀರಲ್ಲೇನಾ, ಬೆರಳ ಸಂದು ಒರೆಸಿದನಾ, ಅದನ್ನು ಯಾರೂ ಬರೆದಿಡುವುದಿಲ್ಲ. ಆದರೆ ಆ ಹಿಡ್ಕೊಡೋನು ಹೇಗೆ ಕೂತಿದ್ದ, ಕಾಲು ಎಳೆದುಕೊಳ್ಳಲಿಲ್ಲವಾ, ಹಿಮ್ಮಡಿ ಆತನ ಅಂಗೈಯಲ್ಲಿ ಭಾರವಾಗಿ ಬಿಟ್ಟುಕೊಟ್ಟು ಕೂತಿದ್ದನಾ, ಕಾಲು ಸುಳ್ಳು ಹೇಳುವುದಿಲ್ಲ, ಹಿಡಿದವನಿಗೆ ಗೊತ್ತಾಗಿಬಿಡುತ್ತದೆ — ಸಾಕು. ಮೇಷ್ಟ್ರು ಪ್ಯಾಂಟು ಮಡಚಿ ಮಂಡಿಯೂರಿ ಮಾಡಿ ತೋರಿಸುತ್ತಿದ್ದಾರೆ, ಒಬ್ಬ ಮುದುಕಿಯ ಕಾಲಿಗೆ ಗಿಡಕ್ಕೆ ಹಾಕಿದ ಹಾಗೆ ಮೇಲಿನಿಂದ ನೀರು ಹೊಯ್ಯುತ್ತ, ಹಿಮ್ಮಡಿಗೆ ಕೈಯೇ ಹೋಗುತ್ತಿಲ್ಲ, ಮೂವತ್ತೊಂದು ವರ್ಷದಲ್ಲಿ ಇಷ್ಟು ಕೆಟ್ಟದಾಗಿ ಕಾಲು ಹಿಡಿದದ್ದನ್ನು ಅವನು ನೋಡಿಲ್ಲ. ಈಗ ನೀವು ನೀವೇ, ಎದುರುಬದುರು ಕೂತ್ಕೊಳ್ಳಿ, ಮಾತು ಬೇಡ. ಅವನಿಗೆ ಎದುರಾದವನು ಔಷಧ ಅಂಗಡಿಯವನು, ಸಾಕ್ಸು ತೆಗೆಯಲು ಬಾಗಿದವನು ತಲೆ ಎತ್ತಿ, ಸಾರ್, ಬೇಜಾರಾಗ್ಬೇಡಿ, ಬೆರಳ ಸಂದೀಲಿ ಫಂಗಸ್ ಆಗಿದೆ, ಮುಲಾಮು ಹಚ್ಚಿದೀನಿ, ನೀರು ತಾಗಬಾರದು ಅಂದ. ದೇವರ ಪಾಠಕ್ಕೆ ಫಂಗಸ್ ಅಡ್ಡ ಬಂತು, ಅವನಿಗೆ ಗಟ್ಟಿಯಾಗಿ ನಗು ಬಂತು, ಏಳಲು ಹೊರಟ, ಒಳ್ಳೆಯದೇ ಆಯಿತು, ಅಷ್ಟರಲ್ಲಿ ಮೇಷ್ಟ್ರು ಒದ್ದೆ ಕೈ ಬೀಸಿ, ಬಾಮ್ಮಾ, ನೀನು ಬಾ, ಎಂಟು ವಾರ ಎಲ್ರಿಗೂ ಚಹಾ ಕೊಟ್ಟಿದೀಯ, ನಿಂಗೆ ಯಾರು ಏನು ಮಾಡಿದಾರೆ, ಕೂತ್ಕೋ.

ನಡಿಗೆ ಬಂತು, ಆಮೇಲೆ ಹುಡುಗಿ. ಅಯ್ಯೋ ನಂದ್ಯಾಕೆ ಮೇಷ್ಟ್ರೇ ಅನ್ನುತ್ತ ಅವನ ಎದುರಿನ ಕುರ್ಚಿಯಲ್ಲಿ ಕೂತಳು, ಕೂರುವಾಗ ಸೊಂಟ ಹಿಡಿದುಕೊಂಡು, ತುಟಿ ಕಚ್ಚಿ, ತಕ್ಷಣ ನಕ್ಕು. ಮಂಡಿ ನೋವು ಅನ್ನಬಹುದು. ಫೋನು ಬಂತು ಅನ್ನಬಹುದು. ಮೂರು ಮಾರು ಆಚೆ, ಎರಡನೇ ಬೇಸಿನ್ನಿನ ಮುಂದೆ ಮಗಳು ಯಾರದೋ ಕಾಲು ಒರೆಸುತ್ತ ಅವನ ಕಡೆಯೇ ನೋಡುತ್ತಿದ್ದಾಳೆ, ಅಪ್ಪ ಕೂತುಕೊಳ್ಳುತ್ತಾನಾ, ಅಪ್ಪ ಗೆಲ್ಲುತ್ತಾನಾ, ಇನ್ನು ಹದಿನೈದು ನಿಮಿಷ, ಕಾಲು ತೊಳೆ, ಟವೆಲ್ಲು ಮಡಚು, ಮೆಟ್ಟಿಲಿಳಿ, ಒಂದೂ ಇಲ್ಲ ಅನ್ನು, ಮಗಳು ನಿನ್ನವಳಾಗಿ ಉಳಿಯುತ್ತಾಳೆ, ಎಂಥ ಸುಲಭ, ಬಾಯಿ ಮುಚ್ಚಿಕೊಂಡಿರುವುದು ನಿನಗೆ ಹೊಸದೇನಲ್ಲ. ಅವನು ಮಂಡಿಯೂರಿದ. ನೀರಿಗೆ ಕೈ ಇಟ್ಟು ನೋಡಿದ, ಹದವಾಗಿದೆ. ಅವಳು ಬಲಗಾಲು ಮುಂದೆ ಮಾಡಿದಳು, ಅವನ ಎಡ ಅಂಗೈ ತಾನಾಗೇ ಹಿಮ್ಮಡಿಯ ಕೆಳಗೆ ಹೋಯಿತು, ಬಲಗೈ ಪಾದದ ಮೇಲೆ, ಪಟ್ಟಿ ಸುತ್ತುವ ಮುಂಚೆ ಹಿಡಿಯುವ ಹಾಗೆಯೇ, ಬೇರೆ ಹಿಡಿಯಲು ಈ ಕೈಗೆ ಬರುವುದಿಲ್ಲ. ಬೆಳೆದಿದೆ. ಪಾದದ ಕಮಾನು ಅದೇ. ಹಿಮ್ಮಡಿಯ ಹೊರಬದಿಯಲ್ಲಿ ಗಟ್ಟಿ ಚರ್ಮ, ಎರಡು ವರ್ಷ ಒತ್ತಿದ್ದರ ಗುರುತು, ಬೇರೆ ಯಾರೂ ಓದಲಾರರು, ಅವನು ಓದಬಲ್ಲ, ಅವನದೇ ಕೈಬರಹ. ಎಷ್ಟು ಚೆನ್ನಾಗಿ ಹಿಡ್ಕೋತೀರಾ ಅಂಕಲ್, ಪಿಸುಗುಟ್ಟಿದಳು, ಮಾತಾಡಬಾರದು ಅಂತ ಮೇಷ್ಟ್ರ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು, ಮತ್ತೆ ತಡೆಯದೆ, ಒರಟಾಗಿದೆ ಅಲ್ವಾ, ಅಸಹ್ಯ ಪಟ್ಕೋಬೇಡಿ, ಎಲ್ಲಾ ನನ್ನ ಹಠದ್ದೇ ಫಲ. ನಕ್ಕಳು. ಅವನು ನೀರು ಹಾಕಿದ. ಎಂಥ ಹುಚ್ಚರ ಕೂಟ ಇದು, ತಪ್ಪು ಮಾಡದವರು ತಪ್ಪೊಪ್ಪಿಕೊಳ್ಳುತ್ತಾರೆ, ಪೇರಲೆ ಕದ್ದವನು ಪಾಪಿಯಾಗುತ್ತಾನೆ, ಚೀಟಿ ಕೀಳದ ಬೇಸಿನ್ನು, ಮೂರು ಸೊಟ್ಟ ಟವೆಲ್ಲು, ಇಲ್ಲಿ ಎಲ್ಲ ತಿರುಗಾಮುರುಗಾ, ಆ ಕಥೆಯಲ್ಲಿ ಹಿಡಿದುಕೊಡುವವನ ಕಾಲು ತೊಳೆದರು, ಇಲ್ಲಿ ಹಿಡಿದುಕೊಟ್ಟವನೇ ಮಂಡಿಯೂರಿ ತೊಳೆಯುತ್ತಿದ್ದಾನೆ, ಅಂಗಾಲು ಮೇಲೆ ಮಾಡಿದ ಅಚ್ಚಿನ ಹಾಗೆ, ಎಡ ಬಲ, ಬಲ ಎಡ, ಮಗುಚಿ ನೋಡು, ಗೆರೆ ಹಾಕುವ ಮುಂಚೆ ಮಗುಚಿ ನೋಡು, ಅವನಿಗೆ ಆ ಮೇಷ್ಟ್ರ ಮೇಲೆ ಹೇಸಿಗೆ, ಔಷಧ ಅಂಗಡಿಯವನ ಮೇಲೆ ಹೇಸಿಗೆ, ಒಂದು ಪ್ಲಾಸ್ಟಿಕ್ ಬೇಸಿನ್ನಿಗೆ ಸೋಲುವ ಮನುಷ್ಯನ ಮೇಲೆ ಇನ್ನಿಲ್ಲದ ಹೇಸಿಗೆ, ಒರೆಸು, ಏಳು, ಒಂದೂ ಇಲ್ಲ ಅನ್ನು, ಒಂದೂ ಇಲ್ಲ, ಒಂದೂ —

ಹಠ ಅಲ್ಲಮ್ಮಾ ಅದು. ಯಾರೋ ಅಂದರು. ಒರಟು ದನಿ, ಗಂಟಲಿಗೆ ಪ್ಲಾಸ್ಟರಿನ ಪುಡಿ ಸಿಕ್ಕಿದ ಹಾಗೆ. ಏನಂದ್ರಿ ಅಂಕಲ್? ಹಠ ಅಲ್ಲ, ಬೂಟು ತಪ್ಪಾಗಿತ್ತು, ನಿಂಗೆ ನಿಜವಾಗ್ಲೂ ನೋವಾಗ್ತಿತ್ತು. ಅವಳು ನಗುತ್ತಲೇ ಇದ್ದಳು, ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು, ಮೊದಲು ಕಣ್ಣಿನಿಂದ ಹೋಯಿತು, ಆಮೇಲೆ ಬಾಯಿಂದ. ನಿಮ್ಗೆ ಹೇಗೆ ಗೊತ್ತು? ಆಚೆ ಬೇಸಿನ್ನಿನಲ್ಲಿ ನೀರಿನ ಸದ್ದು ನಿಂತಿತು, ಮಗಳ ಕೈ ಎಂದು ನೋಡದೆಯೇ ಗೊತ್ತಾಯಿತು, ಕೆಳಗಿನ ಯಂತ್ರವೂ ಸುಮ್ಮನಿದೆ, ಒಂದು ಬುಸ್ ಅಂದಿದ್ದರೆ ಏನಾದರೂ ನೆವ ಸಿಗುತ್ತಿತ್ತು, ಇವತ್ತೇ ಸುಮ್ಮನಿದೆ. ಹೇಗೆ ಗೊತ್ತು ಅಂಕಲ್, ನಿಮ್ದು ಏನಂಗಡಿ? ಅವಳ ಕಾಲು ಅವನ ಕೈಯಲ್ಲಿ ಬಿಗಿಯಾಯಿತು, ಎಳೆದುಕೊಳ್ಳಲಿಲ್ಲ, ಅವನೂ ಬಿಡಲಿಲ್ಲ, ಬೆರಳ ತುದಿಗಳಿಂದ ನೀರು ತೊಟ್ಟಿಕ್ಕುತ್ತಿದೆ, ಒಂದು, ಎರಡು, ಐದು ಬೆರಳು, ದೊಡ್ಡದರಿಂದ ಚಿಕ್ಕದಕ್ಕೆ, ಅಂಗಡಿಯ ಮೇಲಿನ ಹಲಗೆಯಲ್ಲಿ, ನೀಲಿ ಗೆರೆಯ ಕೆಳಗೆ, ಅವನು ಎಸೆಯದೆ ಉಳಿಸಿದ ಅಚ್ಚಿನಲ್ಲಿ, ಧೂಳು ಕೂತ ಬಿಳಿಯೊಳಗೆ, ಐದು ಗುಳಿ, ದೊಡ್ಡದು ಎಡಗಡೆಗೆ, ಬಟಾಣಿ ಒತ್ತಿದ ಹಾಗೆ, ಐದು ಚಿಕ್ಕ ಗುಳಿ, ಐದು ಗುಳಿ